ತೆಗೆದಿಟ್ಟ ಸೆಲ್

"ಹಳೇ ಮಾಲು ಹಾಕಿ ಹೊಸದು ಅಂದೆಲ್ಲೋ, ಪಾಷಾ! ಎಂಟು ದಿನ ಆತು, ಕಂಪ್ಯೂಟರ್ ದನೀನೇ ಇಲ್ದೆ ಮೂಕಾಗಿ ಕುಂತೈತೆ." ಹರಿಹರದ ಮನೆಯ ಹೊಸ್ತಿಲಲ್ಲೇ ಪಂಚಾಕ್ಷರಪ್ಪನವರು ತಡೆದು ನಿಲ್ಲಿಸಿದರು.

ಚಾಂದ್ ಪಾಷಾ ಚಪ್ಪಲಿ ಬಿಟ್ಟು ಕಂಪ್ಯೂಟರಿನತ್ತ ನಡೆದ. ದಾವಣಗೆರೆಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವುದು ಅವನ ಕಸುಬು. ಯಜಮಾನರು ಇದೇ ಮಾತನ್ನು ಅಲ್ಲಿನ ಮಂಡಿಪೇಟೆಯ ಅಂಗಡಿ ಅಂಗಡಿಗೂ ಹೇಳಿ ಬಂದಿದ್ದರು. ಎರಡು ಆರ್ಡರ್ ಆಗಲೇ ಕೈತಪ್ಪಿದ್ದವು. ಅದು ಹಾಳಾಗಲಿ, ಮೋಸಗಾರ ಅನ್ನಿಸಿಕೊಂಡದ್ದನ್ನು ಅವನಿಗೆ ನುಂಗಲಾಗಿರಲಿಲ್ಲ.

ಮಷೀನ್ ಆನ್ ಮಾಡಿದ. ವಿಂಡೋಸ್ ಬಂತು, ಆದರೆ ದನಿ ಹೊರಡಿಸುವ ಸೌಂಡ್ ಕಾರ್ಡ್ ಎಂಬುದೊಂದು ಇದೆಯೆಂದೇ ಅದಕ್ಕೆ ಗೊತ್ತಿಲ್ಲ. ಪರದೆಯ ಮೂಲೆಯ ಗಡಿಯಾರದಲ್ಲಿ ತಾರೀಕು ನೋಡಿದ: 1980ರ ಜನವರಿ. ತೊಂಬತ್ತೆಂಟರ ಬೇಸಿಗೆಯಲ್ಲಿ ಬೆವರುತ್ತ ಅದನ್ನೇ ಎರಡು ಸಲ ಓದಿದ.

"ತಾರೀಕು ಕಾಯೋ ಒಳಗಿನ ಸೆಲ್ ಯಾರಾದ್ರೂ ಮುಟ್ಟಿದ್ರೇನ್ರಿ?"

"ನಾನ್ಯಾಕ ಮುಟ್ಟಲಿ?" ಎಂದವರೇ ಯಜಮಾನರು ವಚನದ ಸಿ.ಡಿ. ತರಲು ಒಳಗೆ ಹೋದರು.

ಅಡುಗೆಮನೆಯ ಬಾಗಿಲಲ್ಲಿದ್ದ ಅವರ ಹೆಂಡತಿ ದ್ರಾಕ್ಷಾಯಣಮ್ಮ ದನಿ ತಗ್ಗಿಸಿದರು. "ನಾನೇ ತೆಗೆದಿದ್ದೆಪ್ಪಾ. ಹದಿನೈದು ದಿನ ಮಗಳ ಊರಿಗೆ ಹೋಗಿದ್ವಿ. ರೇಡಿಯೋದ್ದು, ಟಾರ್ಚಿಂದು ತೆಗೆದಿಡಲ್ವಾ, ಹಂಗೇ ಇದನ್ನೂ ತೆಗೆದಿಟ್ಟೆ. ಸುಮ್ನೆ ಸೆಲ್ ಯಾಕ ಇಳೀಬೇಕು? ಬಂದ ಮ್ಯಾಲೆ ಮೊದ್ಲಿದ್ದಂಗೇ ಹಾಕೀನಿ. ಅವ್ರಿಗೆ ಹೇಳಬ್ಯಾಡ."

ಶೆಕೆಗೆ ಪೆಟ್ಟಿಗೆಯ ಮುಚ್ಚಳ ತೆಗೆದೇ ಇಡಿ ಎಂದಿದ್ದವನು ಪಾಷಾನೇ. ಆ ಜಾತಿಯ ಸೌಂಡ್ ಕಾರ್ಡಿಗೆ, ಮಷೀನ್ ಏಳುವಾಗ ಮೊದಲು ಓದುವ ಬಯಾಸ್ ಸೆಟ್ಟಿಂಗಿನಲ್ಲಿ ಐದನೇ ನಂಬರಿನ ಜಾಗವನ್ನು ಮೊದಲೇ ಹಿಡಿದಿಡಬೇಕು, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ. ಇಲ್ಲವಾದರೆ ಇನ್ನೊಂದು ಕಾರ್ಡ್ ಬಂದು ಕೂತುಬಿಡುತ್ತದೆ, ವಿಂಡೋಸಿಗೆ ಇದು ಕಾಣುವುದೇ ಇಲ್ಲ. ಪಾಷಾ ಅಂದು ಹಾಕಿದ್ದ ಟವೆಲ್ಲನ್ನು ಇಷ್ಟು ದಿನ ಕಾದಿದ್ದದ್ದು ಆ ಸೆಲ್; ಅದನ್ನು ತೆಗೆದಾಗ ತಾರೀಕಿನ ಜೊತೆ ಟವೆಲ್ಲೂ ಹೋಗಿತ್ತು.

ಅವನು ಬಯಾಸ್ ತೆರೆದು ಐದನೇ ನಂಬರನ್ನು ಮತ್ತೆ ಹಿಡಿದಿಟ್ಟ. ಮಷೀನ್ ಏಳುತ್ತಲೇ ಸ್ಪೀಕರಿನಿಂದ ವಿಂಡೋಸಿನ ರಾಗ ಹೊರಟಿತು.

ಯಜಮಾನರು ಓಡಿ ಬಂದರು. "ಕಾರ್ಡ್ ಬದಲಿಸಿದ್ಯಾ?"

"ಇಲ್ರಿ, ಅದೇ ಕಾರ್ಡು."

"ಮತ್ತೇನಾಗಿತ್ತು?"

ನಿಜ ಪಾಷಾನ ನಾಲಿಗೆಯ ತುದಿಗೆ ಬಂದಿತ್ತು. ದ್ರಾಕ್ಷಾಯಣಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ಒಂದು ಸೆಟ್ಟಿಂಗ್ ಅಳಿಸಿ ಹೋಗಿತ್ತು ಯಜಮಾನ್ರೇ," ಎಂದಷ್ಟೇ ಹೇಳಿದ.

"ನೋಡ್ದ್ಯಾ, ನಿಂದೇ ತಪ್ಪು!" ಯಜಮಾನರು ಗೆದ್ದವರಂತೆ ಸಿ.ಡಿ. ಹಾಕಿದರು. "ನಾ ಮಂಡಿಪೇಟ್ಯಾಗೆ ಹೇಳಿದ್ದು ಸುಳ್ಳೇನಲ್ಲ."

"ತಪ್ಪು ನಂದ್ರಿ." ದ್ರಾಕ್ಷಾಯಣಮ್ಮ ಬಾಗಿಲು ಬಿಟ್ಟು ಮುಂದೆ ಬಂದರು. "ಸೆಲ್ ತೆಗೆದೋಳು ನಾನು. ಎಷ್ಟು ಅಂಗಡಿಗೆ ಹೇಳಿ ಬಂದೀರೋ, ಅಷ್ಟೂ ಅಂಗಡಿಗೆ ಹೋಗಿ ಇದನ್ನೂ ಹೇಳ್ಬರ್ರಿ."

ವಚನ ಶುರುವಾಗಿತ್ತು. ಪಂಚಾಕ್ಷರಪ್ಪನವರು ಹೆಂಡತಿಯನ್ನು ನೋಡಲಿಲ್ಲ, ಪಾಷಾನನ್ನೂ ನೋಡಲಿಲ್ಲ. ಕೈ ಚಾಚಿ ವಾಲ್ಯೂಮ್ ಪೂರ್ತಿ ಏರಿಸಿದರು.