ಗೋಡೆ ತಟ್ಟಿದ ಮನುಷ್ಯ

ಗೋಡೆ ತಟ್ಟುವ ಸದ್ದು ಕೇಳಿ ಮುನಿಶಾಮಮ್ಮ ಹಿಪ್ಪುನೇರಳೆ ಸೊಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ತಲೆ ನರೆತ ಗಂಡಸೊಬ್ಬ ಅವಳ ಮನೆಯ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಆಮೇಲೆ ಅಲ್ಲಿಂದ ರೈಲು ಹಳಿಯವರೆಗೆ ಹೆಜ್ಜೆ ಹಾಕಿ ಅಳೆದ.

ಶಿಡ್ಲಘಟ್ಟದ ಕಡೆಯಿಂದ ಇನ್ನೊಂದು ಹಳಿ ಬರುತ್ತದೆ, ಪಕ್ಕದ ಮನೆಗಳೆಲ್ಲ ಹೋಗುತ್ತವೆ ಎಂದು ಊರಲ್ಲಿ ಗುಲ್ಲೆದ್ದಿತ್ತು. ಗಂಡ ಸತ್ತ ಮೇಲೆ ರೇಷ್ಮೆಹುಳು ಸಾಕಿ ಕಟ್ಟಿಸಿದ ಮನೆ. ಮಗ ಅಂಬರೀಶನಿಗೆ ಚಿಂತಾಮಣಿಯ ಶ್ರೀವಿದ್ಯಾಳ ಸಂಬಂಧ ಕೂಡಿಬರುವ ಹೊತ್ತಿಗೇ ಈ ಶನಿ ವಕ್ಕರಿಸಬೇಕೇ? ಭಾನುವಾರ ಹೆಣ್ಣಿನ ಕಡೆಯವರು ಬಂದರೆ ಯಾವ ಮನೆ ತೋರಿಸುವುದು?

“ರೈಲ್ವೆಯವರಾ?” ಎಂದಳು.

“ಹೌದಮ್ಮ, ಗ್ಯಾಂಗ್‌ಮ್ಯಾನ್ ಆಗಿ ಸೇರಿದೋನು. ಸುತ್ತಿಗೇಲಿ ಹಳಿ ತಟ್ಟಿ ತಟ್ಟಿ ಕಿವಿ ಪಳಗಿಬಿಡ್ತು. ಆಮೇಲೆ ನಕ್ಷೆ ಬರೆಯೋದು ಕಲಿತು ಸ್ಟೇಷನ್ನು, ಕ್ವಾರ್ಟರ್ಸು ಎಲ್ಲಾ ಕಟ್ಟಿಸ್ದೆ.” ಕೈಚೀಲವನ್ನು ಜಗುಲಿಯ ಮೇಲಿಟ್ಟು ಚಪ್ಪಲಿ ಕಳಚಿದ. “ಒಳಗೆ ನೋಡಬಹುದಾ?”

ಬೇಡ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ. ಆತ ಅಡುಗೆಮನೆ ನೋಡಿದ, ನೀರಿನ ತೊಟ್ಟಿಗೆ ಬಗ್ಗಿ ನೋಡಿದ, ಕಾಲು ತೊಳೆದು ಹುಳುಮನೆಗೂ ಹೋಗಿಬಂದ.

“ಚೆನ್ನಾಗಿ ಕಟ್ಟಿಸಿದ್ದೀರಿ. ಯಾರ ಹೆಸರಲ್ಲಿದೆ?”

ಕೋರ್ಟಿನಲ್ಲಿರುವ ಮನೆ, ರೋಗಿಯಿರುವ ಮನೆ ಎರಡನ್ನೂ ಸರ್ಕಾರ ಮುಟ್ಟುವುದಿಲ್ಲ ಎಂದು ಪಕ್ಕದ ಮನೆ ಓಬಳಮ್ಮ ಹೇಳಿಕೊಟ್ಟಿದ್ದಳು.

“ಹೆಸರೆಲ್ಲಿ ಬಂತು ಸ್ವಾಮಿ. ಮೈದುನಂದಿರು ಕೇಸ್ ಹಾಕವ್ರೆ. ನಾಳೆ ಇದು ಯಾರ ಪಾಲೋ.”

ಆತನ ಮುಖ ಸಣ್ಣಗಾಯಿತು. ಅದನ್ನು ಕಂಡು ಅವಳಿಗೆ ಹುರುಪು ಬಂತು.

“ಮಗ ಕಾಣಿಸ್ಲಿಲ್ಲ?” ಎಂದ ಆತ.

“ಮೂರ್ಛೆ ರೋಗ ಅವನಿಗೆ. ಎಲ್ಲಂದ್ರಲ್ಲಿ ಬೀಳ್ತಾನೆ. ಈ ಸೂರೂ ಹೋದ್ರೆ ಅವನ ಗತಿ ಏನು ಹೇಳಿ. ಯಾರಿಗೂ ಹೇಳಿಲ್ಲ, ನಿಮಗೆ ಹೇಳ್ತಿದೀನಿ.”

ಕಲ್ಲುಗುಂಡಿನಂಥ ಮಗ. ಆದರೂ ಮನೆ ಉಳಿಯಬೇಕಿತ್ತು.

ಆತ ಜಗುಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡ. “ಮುಚ್ಚಿಡದೆ ಹೇಳಿದ್ರಲ್ಲಮ್ಮ, ಅದೇ ದೊಡ್ಡದು. ಇದನ್ನ ಇಲ್ಲಿಗೇ ಬಿಟ್ಬಿಡಣ” ಎಂದು ಕೈಮುಗಿದು ಚೀಲ ಎತ್ತಿಕೊಂಡ. ಚೀಲದೊಳಗಿಂದ ವೀಳ್ಯದೆಲೆಯ ಕಟ್ಟು ಇಣುಕುತ್ತಿತ್ತು. ಎಲೆಯಡಿಕೆ ಚಟ ಇರಬೇಕು ಎಂದುಕೊಂಡಳು.

ಅಂತೂ ಮನೆ ಉಳಿಯಿತು. ಮುನಿಶಾಮಮ್ಮ ದೇವರಿಗೆ ದೀಪ ಹಚ್ಚಿ ಉಸಿರು ಬಿಡುತ್ತಿರುವಾಗ ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಅಂಬರೀಶ ಫೋನು ಮಾಡಿದ.

“ಅಮ್ಮಾ, ಶ್ರೀವಿದ್ಯಾ ಅವರಪ್ಪ ಇವತ್ತೇ ಒಬ್ರೇ ಬಂದು ಮನೆ ನೋಡ್ಕೊಂಡು ಹೋಗ್ತಾರಂತೆ ಕಣಮ್ಮ. ರೈಲ್ವೇಲಿದ್ದು ರಿಟೈರ್ ಆದೋರು. ಹೋದ ಕಡೆಯೆಲ್ಲ ಗೋಡೆ ತಟ್ಟಿ ನೋಡ್ತಾರಂತೆ, ನೀನೇನೂ ತಪ್ಪು ತಿಳ್ಕೋಬೇಡ.”