ತಾಳಿಯಲ್ಲಿ ಹವಳ

ಶಹಾಪುರದ ಮದುವೆ ಮಂಟಪದಲ್ಲಿ ತಾಳಿಯ ತಟ್ಟೆ ಹಿರಿಯರ ಕೈಯೆಲ್ಲ ಸುತ್ತಿ, ಗೋಗಿಯಿಂದ ಆಟೋ ತುಂಬಿಕೊಂಡು ಬಂದಿದ್ದ ಎಂಟನೇ ತರಗತಿಯ ಮಕ್ಕಳ ಸಾಲಿಗೆ ಬಂತು. ಮದುಮಗಳು ಬಸವೇಶ್ವರಿಯೇ ಆ ಮಕ್ಕಳ ವಿಜ್ಞಾನ ಟೀಚರ್. ತಾಳಿ ಮುಟ್ಟಿ ನಮಸ್ಕರಿಸಲು ಬಗ್ಗಿದ ಮಲ್ಲೇಶ್ವರಿ ಎಂಬ ಹುಡುಗಿ ಕಿಟಾರನೆ ಕಿರುಚಿದಳು.

"ಮೇಡಂ, ತಡೀರಿ! ತಾಳ್ಯಾಗ ಹವಳ ಐತ್ರಿ!"

ಬ್ಯಾಂಡಿನವರು ನಡುವೆಯೇ ನಿಲ್ಲಿಸಿದರು. ಹೋದ ತಿಂಗಳಷ್ಟೇ ಬಸವೇಶ್ವರಿ ತರಗತಿಯಲ್ಲಿ ಹವಳದ ದಿಬ್ಬಗಳ ಚಿತ್ರ ತೋರಿಸಿ, ಇದು ಬರೀ ಕಲ್ಲಲ್ಲ, ಪುಟ್ಟ ಜೀವಗಳು ಕಟ್ಟಿದ ಮನೆ, ಮುರಿದರೆ ಮೀನುಗಳಿಗೂ ನೆಲೆಯಿಲ್ಲ ಎಂದು ಹೇಳಿ, ಹವಳ ಕೊಳ್ಳುವುದಿಲ್ಲ, ತೊಡುವುದಿಲ್ಲ ಎಂದು ಎಲ್ಲರಿಂದ ಆಣೆ ಮಾಡಿಸಿದ್ದಳು. ಆ ಮಕ್ಕಳಲ್ಲಿ ಸಮುದ್ರ ಕಂಡದ್ದು ಒಂದೂ ಇಲ್ಲ. ಆಣೆ ಮಾತ್ರ ಒಬ್ಬರೂ ಮರೆತಿರಲಿಲ್ಲ, ಪುಣ್ಯಾತ್ಮರು!

ಬಾಸಿಂಗದ ಕೆಳಗೆ ಬಸವೇಶ್ವರಿಗೆ ಬೆವರು ಕಿತ್ತುಬಂತು. ಕಟ್ಟಿಸಿಕೊಂಡರೆ ಯಾವ ಮುಖ ಹೊತ್ತು ತರಗತಿಗೆ ಹೋಗುವುದು? ಬೇಡವೆಂದರೆ ಮದುವೆಯೇ ನಿಂತೀತು. ಎದುರಿಗೆ ಕೂತ ಮದುಮಗ ಸಂಗಮನಾಥನ ಮೇಲೆ ಅವಳಿಗೆ ಜೀವ.

"ಅತ್ತಿ, ಹವಳ ತಗದು ಕಟ್ಟಿದ್ರ ನಡೀತೈತೇನ್ರಿ?"

"ಏನಂದಿ?" ಸಂಗಮನಾಥನ ತಾಯಿ ಭೀಮಾಬಾಯಿ ಸಿಡಿದಳು. "ಹೈದರಾಬಾದಿನಿಂದ ತರಿಸಿದ ಅಸಲಿ ಹವಳ ಅವು! ಹವಳಿಲ್ಲದ ತಾಳಿ ನಮ್ಮ ಮನ್ಯಾಗ ಯಾರೂ ಕಟ್ಟಿಸ್ಕೊಂಡಿಲ್ಲ."

"ಹಂಗಾರ ನಾ ಕಟ್ಟಿಸ್ಕೊಳ್ಳಂಗಿಲ್ರಿ," ಎಂದಳು ಬಸವೇಶ್ವರಿ. ಅಂದವಳ ಕಣ್ಣಲ್ಲೇ ನೀರು ಬಂತು. ಸಂಗಮನಾಥ ತಾಯಿಯನ್ನೊಮ್ಮೆ, ಇವಳನ್ನೊಮ್ಮೆ ನೋಡುತ್ತ ಪಿಳಿಪಿಳಿ ಕಣ್ಣು ಬಿಟ್ಟ.

"ಲಗೂ ಮಾಡ್ರಿ, ಮುಹೂರ್ತ ಮೀರಾಕತ್ತೈತಿ," ಎಂದು ಅಯ್ಯನವರು ಮೈಕಿನಲ್ಲೇ ಅವಸರಿಸಿದರು. ಭೀಮಾಬಾಯಿ ಬೇರೆ ದಾರಿ ಕಾಣದೆ ಸೊಸೆಯ ಕಿವಿಗೆ ಬಾಯಿ ಹಚ್ಚಿದಳು. ಅಯ್ಯನವರ ಮೈಕು ಅಲ್ಲೇ ಗೇಣು ದೂರದಲ್ಲಿದ್ದದ್ದು ಆಕೆಗೆ ಕಾಣಲಿಲ್ಲ.

"ಸುಮ್ಮ ಕಟ್ಟಿಸ್ಕೋವಾ ತಾಯಿ. ಅಸಲಿ ಅಲ್ಲ, ಪ್ಲಾಸ್ಟಿಕ್ ಅದಾವ. ಯಾರ ಮುಂದೂ ಬಾಯಿ ಬಿಡಬ್ಯಾಡ!"

ಅಡುಗೆಯವರಿಗೂ ಕೇಳಿಸಿತು. ಆಮೇಲೆ ಮಕ್ಕಳು ಹೋ ಎಂದು ಕುಣಿದು ಚಪ್ಪಾಳೆ ಹೊಡೆದರು ನೋಡಿ, ಬೀಗರು ಬಿದ್ದು ಬಿದ್ದು ನಕ್ಕರು! ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಭೀಮಾಬಾಯಿಯನ್ನು ಬಸವೇಶ್ವರಿ ಗಟ್ಟಿಯಾಗಿ ತಬ್ಬಿಕೊಂಡಳು.

"ಭಾಳ ಚಲೋ ಮಾಡೀರಿ ಅತ್ತಿ! ಎಷ್ಟ್ ಚಲೋ ಮಾಡೀರಿ!"

ಬ್ಯಾಂಡು ಮತ್ತೆ ಶುರುವಾಯಿತು. ಸಂಗಮನಾಥ ತಾಳಿ ಎತ್ತಿದ. ಅಷ್ಟರಲ್ಲಿ ಹಿಂದಿನ ಸಾಲಿನ ಗುಡ್ಡು ಕುರ್ಚಿಯ ಮೇಲೆ ಹತ್ತಿ ನಿಂತು ಕೈ ಎತ್ತಿದ.

"ಮೇಡಂ, ಪ್ಲಾಸ್ಟಿಕ್ ಸಮುದ್ರಕ್ಕ ಹೋದ್ರ ಏನಾಗ್ತೈತ್ರಿ?"

"ಅದು ಮುಂದಿನ ಪಾಠ, ಕುಂದ್ರಲೇ!" ಎಂದ ಬಸವೇಶ್ವರಿ ಕತ್ತನ್ನು ಮುಂದಕ್ಕೆ ಚಾಚಿದಳು. "ರೀ, ನೀವು ಲಗೂನ ಕಟ್ಟರಿ!"