ಯಾರ ಎದೆ ನೋಡಿ ಬರೆದದ್ದು

ಓದುಗರು ಕೇಳಿದ್ದಕ್ಕೆ ಕೈಯಲ್ಲಿರುವ ಪತ್ರಿಕೆಯೇ ಬಾಯಿಬಿಟ್ಟು ಉತ್ತರ ಹೇಳಬೇಕು, ಸುಳ್ಳಾಡಬಾರದು ಎಂಬ ಕಾನೂನು ಬಂದು ಎಷ್ಟೋ ವರ್ಷವಾಗಿತ್ತು. ಆದರೆ ಕೇಳುವವರೇ ಕಡಿಮೆ. ತಲೆಬರಹ ಓದಿ ಮಡಚಿಡುವವರೇ ಎಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೊಟ್ರಮ್ಮನಿಗೆ ಬೆಳಗಿನಿಂದ ದವಡೆ, ಬೆನ್ನು ಹಿಂಡುತ್ತಿತ್ತು. ಮೈಯೆಲ್ಲ ತಣ್ಣನೆಯ ಬೆವರು. ಆಸ್ಪತ್ರೆಗೆ ಹೋಗಿಬರುತ್ತೇನೆ ಎಂದದ್ದಕ್ಕೆ ಮೇಸ್ತ್ರಿ ಅಂದಿನ ಪತ್ರಿಕೆಯನ್ನೇ ತಂದು ಮುಖಕ್ಕೆ ಹಿಡಿದ.

"ನೋಡವ್ವ, ದವಡೆ ನೋವು ಹೃದಯದ್ದಲ್ಲ ಅಂತ ಸಂಶೋಧನೆ ಹೇಳೈತಿ. ಸುಮ್ನೆ ಜರಡಿ ಹಿಡಿ."

ಕೊಟ್ರಮ್ಮ ಜರಡಿ ಹಿಡಿದಳು. ಅಚ್ಚಾದ ಮಾತಿನೆದುರು ತನ್ನ ಮೈ ಹೇಳುವ ಮಾತು ಯಾವ ಲೆಕ್ಕ ಎನಿಸಿತು. ಪಕ್ಕದಲ್ಲಿದ್ದ ರಾಬಿಯಾ ಬಿಡಲಿಲ್ಲ.

"ಯಾರನ್ನ ನೋಡಿ ಬರೆದ್ರಂತೆ, ಕೇಳಕ್ಕ ಅದನ್ನ."

ಕೊಟ್ರಮ್ಮ ಪತ್ರಿಕೆಯನ್ನೇ ಕೇಳಿದಳು.

"ಹೃದಯಾಘಾತವಾದ ನಾನೂರು ಗಂಡಸರನ್ನು," ಎಂದಿತು ಪತ್ರಿಕೆ.

"ಹೆಂಗಸ್ರನ್ನ?"

"ಹೆಂಗಸರ ಲಕ್ಷಣಗಳು ಬೇರೆ. ಸೇರಿಸಿದರೆ ಲೆಕ್ಕ ಕೆಡುತ್ತದೆಂದು ಬಿಟ್ಟರು."

ಭಟ್ಟಿಯ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಕೊಟ್ರಮ್ಮ ಜರಡಿ ಕೆಳಗಿಟ್ಟು, ಪತ್ರಿಕೆಯನ್ನು ಮೇಸ್ತ್ರಿಯ ಜೇಬಿಗೆ ತುರುಕಿದಳು.

"ಇದು ನಿನಗೆ ಬರೆದದ್ದಪ್ಪ, ಜೋಪಾನ ಇಟ್ಕೊ. ರಾಬಿಯಾ, ಆಟೋ ಕರಿ."